ಹದಿಮೂರು ನೊಣ, ಒಂದು ಮರ: ಎಲ್ಲಿ ತಪ್ಪಿತು, ಹೇಗೆ ಸರಿ ಮಾಡಿದೆವು

ಕೆಲಸ ಶುರುವಾದದ್ದು ಹಲಸಿನ ಸಿಪ್ಪೆಯಿಂದ. ಮೇ ತಿಂಗಳು, ಉಡುಪಿಯಲ್ಲಿ ನಮ್ಮ ಮನೆ ಹಿತ್ತಿಲಲ್ಲಿ ಒಂದು ರಾಶಿ ಸಿಪ್ಪೆ ಬಿದ್ದಿತ್ತು. ರಜೆಗೆ ಬಂದಿದ್ದ ಅಕ್ಕನ ಮಗಳು ಅದರ ಪಕ್ಕ ಕುಕ್ಕರಗಾಲಲ್ಲಿ ಕೂತು ಕರೆದಳು: "ಮಾವ, ಬನ್ನಿ ಇಲ್ಲಿ. ಇದರಲ್ಲಿ ಎಷ್ಟು ಬಗೆ ನೊಣ ಉಂಟು ನೋಡಿ."

ಅರ್ಧ ಗಂಟೆಯಲ್ಲಿ ನಾಲ್ಕು ಬಗೆ ಎಣಿಸಿದೆವು. ಮನೆನೊಣ, ಹಸಿರು ಮಿರುಗುವ ದೊಡ್ಡ ನೊಣ, ಕೆಂಪು ಕಣ್ಣಿನ ಪುಟಾಣಿ ಹಣ್ಣುನೊಣ, ಕಣಜದ ಹಾಗೆ ಕಾಣುವ ಕಪ್ಪು ಸೋಲ್ಜರ್ ಫ್ಲೈ. ಅವಳು ಬಿಎಸ್ಸಿಯಲ್ಲಿ ಪ್ರಾಣಿಶಾಸ್ತ್ರ ಓದುತ್ತಾಳೆ, ಹೆಸರು ಪಟಪಟ ಹೇಳಿದಳು. ನಾನು ಕೇಳಿದ್ದು ಬೇರೆ. ಇವುಗಳಲ್ಲಿ ಯಾರು ಯಾರಿಗೆ ಹತ್ತಿರದ ನೆಂಟರು? ಡಿಎನ್‌ಎ ಇಲ್ಲದೆ, ಬರೀ ಕಣ್ಣು ಮತ್ತು ಭೂತಗನ್ನಡಿಯಲ್ಲಿ ಕಾಣುವುದನ್ನು ಇಟ್ಟುಕೊಂಡು ಅದನ್ನು ಕಂಡುಹಿಡಿಯೋಕೆ ಆಗುತ್ತಾ?

ಆಗುತ್ತೆ. ಆದರೆ ನಮ್ಮ ಮೊದಲ ಮರ, ಅಂದರೆ ಯಾರು ಯಾರಿಗೆ ಹತ್ತಿರ ಅಂತ ತೋರಿಸುವ ವಂಶವೃಕ್ಷ, ಪೂರ್ತಿ ತಪ್ಪಾಗಿತ್ತು. ಅದನ್ನು ರಿಪೇರಿ ಮಾಡಿದ ಲೆಕ್ಕ ಇದು. ಯಾರಾದರೂ ಮನೆಯಲ್ಲಿ ಮಾಡಿ ನೋಡುವುದಾದರೆ ನಾವು ಎಡವಿದ ಜಾಗ ಗೊತ್ತಿರಲಿ ಅಂತ ವಿವರವಾಗಿಯೇ ಬರೆಯುತ್ತಿದ್ದೇನೆ.

ಹಿಡಿದದ್ದು

ಎರಡು ವಾರದಲ್ಲಿ ಹದಿಮೂರು ಬಗೆ ಸಿಕ್ಕಿತು. ದೂರ ಹೋಗಬೇಕಾಗಲೇ ಇಲ್ಲ.

ಬಚ್ಚಲಿನ ಗೋಡೆಯಲ್ಲಿ ಉದ್ದ ಕಾಲಿನ ಕ್ರೇನ್ ಫ್ಲೈ. ಸೊಳ್ಳೆ ಹುಡುಕಬೇಕಾಗಿಲ್ಲ, ಅದೇ ಬರುತ್ತದೆ. (ಸೊಳ್ಳೆಯೂ ನೊಣದ ಗುಂಪಿನದ್ದೇ. ಎರಡೇ ರೆಕ್ಕೆ, ಹಿಂದಿನ ಜೋಡಿ ರೆಕ್ಕೆ ಇರಬೇಕಾದ ಜಾಗದಲ್ಲಿ ಗುಂಡುಸೂಜಿಯಂಥ ಎರಡು ಪುಟ್ಟ ಕಡ್ಡಿ. ಅದಕ್ಕೆ ಹಾಲ್ಟಿಯರ್ ಅಂತ ಹೆಸರು. ಹಾರುವಾಗ ಸಮತೋಲ ಅದರದ್ದೇ.) ಪಕ್ಕದ ಮನೆಯ ಹಟ್ಟಿಯಲ್ಲಿ ದನಕ್ಕೆ ಕಚ್ಚುವ ದೊಡ್ಡ ಟಬಾನಸ್ ನೊಣ, ಅಲ್ಲೇ ದನದ ಕಾಲಿಗೆ ಕಚ್ಚುತ್ತಿದ್ದ ಸಣ್ಣ ಸ್ಟೊಮಾಕ್ಸಿಸ್. ನೋಡಲಿಕ್ಕೆ ಮನೆನೊಣದ ಹಾಗೇ ಇದ್ದರೂ ಅದರ ಸೊಂಡಿಲು ಸೂಜಿಯ ಹಾಗೆ ಮುಂದಕ್ಕೆ ಚಾಚಿರುತ್ತದೆ. ಬಿಸಿಲು ಕಾದ ಮುರಕಲ್ಲಿನ ಪಾಗಾರದ ಮೇಲೆ ಬೇಟೆ ಕಾಯುತ್ತಾ ಕೂತ ರಾಬರ್ ಫ್ಲೈ. ಕೆಸುವಿನ ಎಲೆ ಮೇಲೆ ಉದ್ದ ಕಾಲಿನ, ಚಿನ್ನದ ಹಸಿರಿನ ಡೊಲಿಕೊಪೊಡಿಡ್. ತುಳಸಿ ಹೂವಿನಲ್ಲಿ ಹೋವರ್ ಫ್ಲೈ. ಕಾಟು ಮಾವಿನ ಹಣ್ಣಿನಲ್ಲಿ ಬ್ಯಾಕ್ಟ್ರೊಸೆರಾ, ಅಂದರೆ ಮಾವಿನ ಹಣ್ಣಿನೊಳಗೆ ಹುಳ ಮಾಡುವ ನೊಣ. ಇದರ ಗಂಡುಗಳನ್ನು ಹಿಡಿಯಲು ತುಳಸಿ ಎಲೆ ಜಜ್ಜಿ ಬಾಟಲಿಯಲ್ಲಿಟ್ಟೆವು. ತುಳಸಿಯಲ್ಲಿರುವ ಮೀಥೈಲ್ ಯುಜಿನಾಲ್‌ಗೆ ಅವು ಓಡೋಡಿ ಬರುತ್ತವೆ.

ಮಲ್ಪೆಯಲ್ಲಿ ಮೀನು ಒಣಗಿಸುವ ಜಾಗಕ್ಕೆ ಜೂನ್ 1ರ ಮೊದಲೇ ಹೋಗಿ ಬಂದೆವು. ಅಲ್ಲಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ, ಆಗ ಅಲ್ಲಿ ನೊಣವೂ ಕಡಿಮೆ. ಮೀನು ಒಣಗಿಸುತ್ತಿದ್ದ ಅಕ್ಕ ನಮ್ಮ ಬಲೆ ನೋಡಿ, "ಎಂತ ಮಗ, ಮೀನು ಬಿಟ್ಟು ನೊಣ ಹಿಡೀಲಿಕ್ಕೆ ಬಂದದ್ದಾ?" ಅಂದರು. ವಿಷಯ ಹೇಳಿದ ಮೇಲೆ ಅವರೇ ಎರಡು ಬೂತಾಯಿ ಕೊಟ್ಟು, ಬಿಸಿಲಲ್ಲಿಟ್ಟು ಕಾಯಲು ಹೇಳಿದರು. ಹತ್ತು ನಿಮಿಷಕ್ಕೆ ಕ್ರೈಸೋಮಿಯಾ ಮೆಗಸೆಫಲಾ ಬಂತು, ನೀಲಿ-ಹಸಿರು ಮೈ, ದೊಡ್ಡ ಕೆಂಪು ಕಣ್ಣು. ಅದರ ಜೊತೆ ಬೆನ್ನ ಮೇಲೆ ಮೂರು ಕಪ್ಪು ಪಟ್ಟೆಯ ಮಾಂಸನೊಣ. ಅದು ಮೊಟ್ಟೆ ಇಡುವುದಿಲ್ಲ, ನೇರವಾಗಿ ಮರಿಹುಳುಗಳನ್ನೇ ಬಿಟ್ಟು ಹೋಗುತ್ತದೆ.

ಹಲಸಿನ ಸಿಪ್ಪೆಯ ನಾಲ್ಕರಲ್ಲಿ ಹಸಿರು ನೊಣ ಅಂದರೆ ಇದೇ ಕ್ರೈಸೋಮಿಯಾ. ಅಲ್ಲಿಗೆ ಹದಿಮೂರು.

ಇಡುವ ವ್ಯವಸ್ಥೆ

ಕೊಲ್ಲಲು ಫ್ರೀಜರ್. ಅಮ್ಮ ಒಪ್ಪಲಿಲ್ಲ: "ಫ್ರಿಜ್ಜಲ್ಲಿ ನೊಣ ಇಟ್ಟರೆ ನಾನು ಆ ಫ್ರಿಜ್ ಮುಟ್ಟುದಿಲ್ಲ." ಅವರು ಹೇಳಿದ್ದು ಸರಿಯೇ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ತಂದು, ಅದನ್ನು ಇನ್ನೊಂದು ಡಬ್ಬಿಯೊಳಗಿಟ್ಟು ತೋರಿಸಿದ ಮೇಲೆ ಜಾಗ ಸಿಕ್ಕಿತು.

ಸೂಜಿ ಚುಚ್ಚುವಾಗ ಬೆನ್ನಿನ ನಡುಗೆರೆಯಿಂದ ಸ್ವಲ್ಪ ಬಲಕ್ಕೆ ಚುಚ್ಚಬೇಕು. ಮೊದಲ ಆರು ನೊಣಕ್ಕೆ ನಾನು ನಟ್ಟ ನಡುವೆ ಚುಚ್ಚಿ, ಎಣಿಸಬೇಕಾದ ಬಿರುಗೂದಲುಗಳನ್ನೇ ಮುರಿದು ಹಾಕಿದೆ. ಮತ್ತೆ ಹಿಡಿಯಬೇಕಾಯಿತು. ಹಣ್ಣುನೊಣದಂಥ ಸಣ್ಣವಕ್ಕೆ ಸೂಜಿ ಆಗುವುದಿಲ್ಲ. ದಪ್ಪ ಕಾಗದವನ್ನು ಚೂಪಾದ ತ್ರಿಕೋನವಾಗಿ ಕತ್ತರಿಸಿ, ತುದಿಗೆ ಒಂದು ಚುಕ್ಕಿ ಫೆವಿಕಾಲ್ ಹಚ್ಚಿ ಮೈಯ ಬಲಭಾಗಕ್ಕೆ ಅಂಟಿಸಿದೆವು.

ಥರ್ಮೋಕೋಲ್ ಹಾಸಿದ ಪೆಟ್ಟಿಗೆ ಮಾಡಿದ್ದು ತಪ್ಪಾಯಿತು. ಇರುವೆ ಬರಬಾರದು ಅಂತ ಒಳಗೆ ನ್ಯಾಫ್ತಲೀನ್ ಗುಳಿಗೆ ಹಾಕಿದ್ದೆ. ಕೆಲವೇ ವಾರದಲ್ಲಿ ಗುಳಿಗೆ ತಾಗಿದ ಕಡೆ ಥರ್ಮೋಕೋಲ್ ಕರಗಿ ಅಂಟಾಗಿ, ಎರಡು ಸೂಜಿ ವಾಲಿಬಿಟ್ಟವು. ಅದನ್ನು ಕಿತ್ತು ಹಳೆ ಹವಾಯಿ ಚಪ್ಪಲಿಯ ರಬ್ಬರ್ ಕತ್ತರಿಸಿ ಹಾಕಿದೆ, ಈಗ ಗಟ್ಟಿಯಾಗಿದೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಬೂಷ್ಟು ಬಂತು. ಕ್ರೇನ್ ಫ್ಲೈ ಮತ್ತು ಒಂದು ಮಾಂಸನೊಣ ಹೋದವು. ಸಿಲಿಕಾ ಜೆಲ್ ಹಾಕಿ, ಪೆಟ್ಟಿಗೆಯನ್ನು ಗಾಳಿಯಾಡದ ಅಕ್ಕಿ ಡಬ್ಬಿಯೊಳಗಿಟ್ಟು, ಡಬ್ಬಿಯನ್ನು ನೀರಿನ ತಟ್ಟೆಯ ನಡುವೆ ಇಟ್ಟಿಗೆ ಮೇಲೆ ಕೂರಿಸಿದೆ. ಕರಾವಳಿಯಲ್ಲಿ ಕೀಟ ಇಡುವವರು ಹಿಡಿಯುವ ಕೆಲಸಕ್ಕಿಂತ ಜಾಸ್ತಿ ಗಮನ ಇದಕ್ಕೇ ಕೊಡಬೇಕು.

ನೋಡಲು ರಥಬೀದಿಯ ಅಕ್ಕಸಾಲಿಗರೊಬ್ಬರಿಂದ ತಂದ ಹತ್ತು ಪಟ್ಟಿನ ಭೂತಗನ್ನಡಿ. ಫೋಟೋಗೆ ಪ್ಲೈವುಡ್ ಸ್ಟ್ಯಾಂಡ್ ಮೇಲೆ ಫೋನ್, ಅದರ ಕ್ಯಾಮೆರಾ ಮೇಲೆ ಹಾಳಾದ ಡಿವಿಡಿ ಡ್ರೈವ್‌ನಿಂದ ಬಿಚ್ಚಿದ ಪುಟ್ಟ ಲೆನ್ಸ್. ಮಿರುಗುವ ನೊಣಕ್ಕೆ ನೇರ ಬೆಳಕು ಬಿಟ್ಟರೆ ಬರೀ ಹೊಳಪೇ ಕಾಣುತ್ತದೆ, ಕೂದಲು ಕಾಣುವುದಿಲ್ಲ. ಬಿಳಿ ಐಸ್‌ಕ್ರೀಂ ಕಪ್‌ನ ತಳ ಕತ್ತರಿಸಿ ನೊಣದ ಮೇಲೆ ಕವುಚಿ, ಹೊರಗಿನಿಂದ ಎಲ್‌ಇಡಿ ಬೆಳಕು ಬಿಟ್ಟರೆ ಎಲ್ಲ ಸ್ಪಷ್ಟ.

ಮೊದಲ ಮರ

ವಿಧಾನ ಸರಳ. ಒಂದು ಟೇಬಲ್ ಮಾಡಿ. ಸಾಲಿಗೊಂದು ನೊಣ, ಕಂಬಕ್ಕೊಂದು ಲಕ್ಷಣ. ಇದ್ದರೆ 1, ಇಲ್ಲದಿದ್ದರೆ 0, ಗೊತ್ತಿಲ್ಲದಿದ್ದರೆ ಪ್ರಶ್ನಾರ್ಥಕ ಚಿಹ್ನೆ. ಆಮೇಲೆ ಈ ಟೇಬಲನ್ನು ವಿವರಿಸಲು ಅತಿ ಕಡಿಮೆ ಸಲ ಬದಲಾವಣೆ ಬೇಕಾಗುವ ಮರವನ್ನು ಹುಡುಕಬೇಕು. ಒಂದು ಬದಲಾವಣೆ ಅಂದರೆ ಒಂದು ಹೆಜ್ಜೆ.

ಕೈಯಲ್ಲಿ ಮಾಡೋಕೆ ಆಗುವುದಿಲ್ಲ. ನಾಲ್ಕು ನೊಣ ಇದ್ದರೆ ಬೇರು ಇರುವ ಮರ 15 ರೀತಿ, ಐದಾದರೆ 105. ಹದಿಮೂರಕ್ಕೆ 31,623 ಕೋಟಿ ದಾಟುತ್ತದೆ. ಟಿಎನ್‌ಟಿ ಅನ್ನುವ ಪ್ರೋಗ್ರಾಂ ಇದೆ, ವಿಲ್ಲಿ ಹೆನ್ನಿಗ್ ಸೊಸೈಟಿಯ ನೆರವಿನಿಂದ ಎಲ್ಲರಿಗೂ ಉಚಿತ. ಇಷ್ಟು ಸಣ್ಣ ಟೇಬಲ್‌ಗೆ ಅದು ಅಂದಾಜು ಹುಡುಕಾಟ ಬಿಟ್ಟು ಖಚಿತ ಹುಡುಕಾಟವನ್ನೇ ಮಾಡುತ್ತದೆ. ಅದೂ ಕಣ್ಣು ಮಿಟುಕಿಸುವಷ್ಟರಲ್ಲಿ. ನಮಗೆ ಮಾತ್ರ ಮೊದಲ ಸಂಜೆ ಪೂರ್ತಿ ಎರರ್ ಬಂತು. ಫೈಲ್‌ನ ಮೇಲೆ ಮೊದಲು ಲಕ್ಷಣಗಳ ಸಂಖ್ಯೆ, ಆಮೇಲೆ ಜೀವಿಗಳ ಸಂಖ್ಯೆ ಬರೆಯಬೇಕು. ನಾನು 15 14 ಅನ್ನುವಲ್ಲಿ 14 15 ಅಂತ ಬರೆದಿದ್ದೆ.

ಹದಿನಾಲ್ಕನೆಯದು ಯಾವುದು ಅಂದರೆ ಬೇರು. ನೊಣವಲ್ಲದ ಒಂದು ಕೀಟವನ್ನು ಹೋಲಿಕೆಗೆ ಇಡಬೇಕು, ಆಗಲೇ ಯಾವ ಲಕ್ಷಣ ಹಳೆಯದು ಯಾವುದು ಹೊಸದು ಅಂತ ಗೊತ್ತಾಗುವುದು. ಕಿಟಕಿಯ ಬಳಿ ಸತ್ತು ಬಿದ್ದಿದ್ದ ಜೇನುಹುಳು ಸಿಕ್ಕಿತು, ಅದನ್ನೇ ಇಟ್ಟೆವು.

ಮರ ಬಂತು. ನೋಡಿದ ಕೂಡಲೇ ಅಕ್ಕನ ಮಗಳು, "ಮಾವ, ಇದು ಎಲ್ಲಿಯೋ ತಪ್ಪಿದೆ" ಅಂದಳು.

ಸೊಳ್ಳೆ, ಟಬಾನಸ್, ಸ್ಟೊಮಾಕ್ಸಿಸ್ ಮೂರೂ ಒಂದೇ ಕೊಂಬೆಯಲ್ಲಿ. ಕೆಸುವಿನ ಎಲೆಯ ಹಸಿರು ಡೊಲಿಕೊಪೊಡಿಡ್ ಮತ್ತು ಮೀನಿನ ಮೇಲಿನ ಹಸಿರು ಕ್ರೈಸೋಮಿಯಾ ಅಣ್ಣತಮ್ಮ. ಹಳದಿ-ಕಪ್ಪು ಹೋವರ್ ಫ್ಲೈ ಜೊತೆಗೆ ಹಳದಿ-ಕಂದು ಮಾವಿನ ನೊಣ. ನಾವು ನೆಂಟಸ್ತಿಕೆ ಹುಡುಕಲು ಹೊರಟು ಬಣ್ಣ ಮತ್ತು ಊಟದ ಪ್ರಕಾರ ಗುಂಪು ಮಾಡಿದ್ದೆವು.

ತಪ್ಪು ಹುಡುಕಿದ್ದು

ವಿಲ್ಲಿ ಹೆನ್ನಿಗ್ ಬಗ್ಗೆ ಇಲ್ಲಿ ಹೇಳಲೇಬೇಕು. ಜರ್ಮನಿಯವರು, 1913ರಲ್ಲಿ ಹುಟ್ಟಿದ್ದು, ಬದುಕಿಡೀ ನೊಣಗಳನ್ನೇ ಅಧ್ಯಯನ ಮಾಡಿದವರು. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1945ರಲ್ಲಿ, ಇಟಲಿಯಲ್ಲಿ ಬ್ರಿಟಿಷರ ಕೈಯಲ್ಲಿ ಯುದ್ಧಕೈದಿಯಾಗಿದ್ದಾಗ ತಮ್ಮ ವಿಚಾರದ ಮೊದಲ ಕರಡು ಬರೆದರು. 1950ರಲ್ಲಿ ಜರ್ಮನ್‌ನಲ್ಲಿ ಪುಸ್ತಕ ಬಂತು, 1966ರಲ್ಲಿ ಇಂಗ್ಲಿಷ್‌ನಲ್ಲಿ. ಅವರ ಮುಖ್ಯ ಮಾತು ಇಷ್ಟು: ಎರಡು ಜೀವಿಗಳಲ್ಲಿ ಏನೋ ಒಂದು ಸಮಾನವಾಗಿದೆ ಅನ್ನುವುದು ಸಾಲದು. ಆ ಸಮಾನ ಲಕ್ಷಣ ಹೊಸದಾಗಿ ಬಂದಿರಬೇಕು, ಮತ್ತು ಇಬ್ಬರಿಗೂ ಒಂದೇ ಪೂರ್ವಜನಿಂದ ಬಂದಿರಬೇಕು. ಹಳೆಯದನ್ನು ಇಬ್ಬರೂ ಉಳಿಸಿಕೊಂಡಿದ್ದರೆ ಅದು ಸಾಕ್ಷಿ ಅಲ್ಲ. ಬೇರೆ ಬೇರೆ ದಾರಿಯಲ್ಲಿ ಒಂದೇ ಥರದ್ದನ್ನು ಗಳಿಸಿದ್ದರೆ ಅದೂ ಅಲ್ಲ.

ಇದನ್ನು ಓದಿ ತಲೆಯಾಡಿಸುವುದು ಸುಲಭ. ಸ್ವಂತ ಟೇಬಲ್‌ನಲ್ಲಿ ಹಿಡಿಯುವುದು ಕಷ್ಟ. ಒಂದೊಂದೇ ಕಂಬವನ್ನು ತೆಗೆದುಕೊಂಡು ಮತ್ತೆ ನೊಣದ ಮುಂದೆ ಕೂತೆವು.

ಮೊದಲು ರಕ್ತ ಹೀರುವುದು. ನಾನು "ಕಚ್ಚುತ್ತದೆ: 1" ಅಂತ ಬರೆದಿದ್ದೆ. ಬಾಯಿ ಬಿಡಿಸಿ ನೋಡಿದರೆ ಮೂರೂ ಬೇರೆ ಬೇರೆ ಯಂತ್ರ. ಸೊಳ್ಳೆಯಲ್ಲಿ ತೆಳು ಸೂಜಿಗಳ ಕಟ್ಟು, ಮೃದುವಾದ ಒರೆಯೊಳಗೆ. ಕಚ್ಚುವಾಗ ಒರೆ ಮಡಚಿಕೊಂಡು ಹೊರಗೇ ಉಳಿಯುತ್ತದೆ, ಸೂಜಿಗಳಷ್ಟೇ ಒಳಗೆ ಹೋಗುತ್ತವೆ. ಟಬಾನಸ್‌ನಲ್ಲಿ ಅಗಲವಾದ ಚಾಕುವಿನಂಥ ದವಡೆಗಳು, ಚರ್ಮ ಕತ್ತರಿಸಿ ಒಸರುವ ರಕ್ತ ನೆಕ್ಕುತ್ತದೆ, ಅದಕ್ಕೇ ಅಷ್ಟು ನೋವು. ಈ ಎರಡರಲ್ಲೂ ಹೆಣ್ಣು ಮಾತ್ರ ರಕ್ತ ಹೀರುವುದು. ಸ್ಟೊಮಾಕ್ಸಿಸ್‌ಗೆ ದವಡೆಯೇ ಇಲ್ಲ! ಮನೆನೊಣ ನೆಕ್ಕಲು ಬಳಸುವ ಸೊಂಡಿಲೇ ಇಲ್ಲಿ ಗಟ್ಟಿಯಾಗಿ, ತುದಿಯಲ್ಲಿ ಹಲ್ಲು ಮೂಡಿ, ಒರೆಯೇ ಸೂಜಿಯಾಗಿದೆ. ಗಂಡೂ ಕಚ್ಚುತ್ತದೆ, ಹೆಣ್ಣೂ ಕಚ್ಚುತ್ತದೆ. ಹಾಗಾಗಿ ಆ ಒಂದು ಕಂಬವನ್ನು ಒಡೆದು ಎರಡು ಮಾಡಿದೆವು. ಹೆಣ್ಣಿಗೆ ದವಡೆ ಇದೆಯಾ, ಸೊಂಡಿಲೇ ಚುಚ್ಚುತ್ತದೆಯಾ ಅಂತ. ಆ ಕೊಂಬೆ ಅಲ್ಲಿಗೇ ಬಿಚ್ಚಿಕೊಂಡಿತು.

ಎರಡನೆಯದು ಕೋಶ. ಮನೆನೊಣದ ಹುಳು ಬೆಳೆದ ಮೇಲೆ ತನ್ನ ಕೊನೆಯ ಚರ್ಮವನ್ನೇ ಗಟ್ಟಿ ಮಾಡಿಕೊಂಡು ಅದರೊಳಗೆ ಬದಲಾಗುತ್ತದೆ. ಸೋಲ್ಜರ್ ಫ್ಲೈ ಕೂಡ ಹಾಗೇ, ಅದಕ್ಕೇ ಎರಡಕ್ಕೂ 1 ಹಾಕಿದ್ದೆ. ಅಡುಗೆಮನೆ ಕಸದ ಮಡಕೆಯಿಂದ ಎರಡೂ ತಂದು ಪಕ್ಕದಲ್ಲಿಟ್ಟಾಗ ವ್ಯತ್ಯಾಸ ಕಂಡಿತು. ಸೋಲ್ಜರ್ ಫ್ಲೈಯದ್ದು ಹುಳುವಿನ ಆಕಾರದಲ್ಲೇ ಉಳಿಯುತ್ತದೆ, ತಲೆ ಸಹಿತ, ಒಣಗಿದ ಹುಳುವಿನ ಹಾಗೆ. ನೊಣ ಹೊರಬರುವಾಗ ಬೆನ್ನು ಸೀಳುತ್ತದೆ. ಮನೆನೊಣದ್ದು ಕುಗ್ಗಿ ಕಂದು ಪೀಪಾಯಿ ಆಗುತ್ತದೆ, ತುದಿಯಲ್ಲಿ ದುಂಡು ಮುಚ್ಚಳ ಹಾರಿ ತೆರೆಯುತ್ತದೆ. ಒಂದು ಬೆಳಿಗ್ಗೆ ಆ ಮುಚ್ಚಳ ತೆರೆಯುವುದನ್ನು ಪೂರ್ತಿ ನೋಡಿದೆವು. ನೊಣದ ಹಣೆಯಿಂದ ಒಂದು ಬಿಳಿ ಗುಳ್ಳೆ ಉಬ್ಬುತ್ತದೆ, ಕುಗ್ಗುತ್ತದೆ, ಮತ್ತೆ ಉಬ್ಬುತ್ತದೆ, ಅದರಿಂದಲೇ ಮುಚ್ಚಳವನ್ನು ತಳ್ಳಿ ಹೊರಬರುತ್ತದೆ. ಆಮೇಲೆ ಆ ಗುಳ್ಳೆ ಶಾಶ್ವತವಾಗಿ ಒಳಗೆ ಹೋಗಿ, ಕುಡಿಮೀಸೆಗಳ ಮೇಲೆ ತಲೆಕೆಳಗಾದ ಯು ಆಕಾರದ ಗೆರೆ ಉಳಿಯುತ್ತದೆ. ಆ ಗೆರೆ ಮಾವಿನ ನೊಣ, ಹಣ್ಣುನೊಣ, ಮನೆನೊಣ, ಸ್ಟೊಮಾಕ್ಸಿಸ್, ಕ್ರೈಸೋಮಿಯಾ, ಮಾಂಸನೊಣ ಆರರಲ್ಲೂ ಇದೆ. ಹೋವರ್ ಫ್ಲೈಗೆ ಪೀಪಾಯಿ ಕೋಶ ಇದೆ, ಕುಡಿಮೀಸೆಯ ಬುಡದಲ್ಲಿ ಸಣ್ಣ ಅರ್ಧಚಂದ್ರದ ತಟ್ಟೆಯೂ ಇದೆ, ಆದರೆ ಈ ಗೆರೆ ಇಲ್ಲ. ಅಂದರೆ ಹೋವರ್ ಫ್ಲೈ ಆ ಆರಕ್ಕೂ ಹತ್ತಿರ, ಆದರೆ ಒಂದು ಮೆಟ್ಟಿಲು ಹೊರಗೆ. ಹೀಗೆ ಒಂದರೊಳಗೊಂದು ಡಬ್ಬಿಯ ಹಾಗೆ ಕೂರುವ ಲಕ್ಷಣ ಸಿಕ್ಕಿದಾಗ ಆಗುವ ಸಂತೋಷವೇ ಬೇರೆ.

ಮೂರನೆಯದು ರೆಕ್ಕೆಯ ಕವಲು. ಇದಕ್ಕೆ ಒಂದು ವಾರ ಹೋಯಿತು. "ರೆಕ್ಕೆ ತುದಿಯಲ್ಲಿ ನರ ಕವಲೊಡೆದಿದೆ" ಅಂತ ಒಂದು ಕಂಬ ಇತ್ತು. ಸೊಳ್ಳೆಗೆ 1, ಟಬಾನಸ್‌ಗೆ 1. ಆದರೆ ಅದು ಅದೇ ನರವಾ? ರೆಕ್ಕೆ ಕಿತ್ತು ಎರಡು ಗಾಜಿನ ಪಟ್ಟಿಯ ನಡುವೆ ಇಟ್ಟು, ಫೋಟೋ ತೆಗೆದು, ಪ್ರಿಂಟ್ ಹಾಕಿ, ಮುಂದಿನ ಅಂಚಿನಿಂದ ಒಂದೊಂದೇ ನರಕ್ಕೆ ಬಣ್ಣ ಹಚ್ಚುತ್ತಾ ಬಂದೆವು. ಕಾಮ್‌ಸ್ಟಾಕ್ ಮತ್ತು ನೀಡ್‌ಹ್ಯಾಮ್ 1898ರಲ್ಲಿ ಹಾಕಿಕೊಟ್ಟ ಹೆಸರುಗಳ ಕ್ರಮ ಇಂದಿಗೂ ಬಳಕೆಯಲ್ಲಿದೆ: ಕೋಸ್ಟಾ, ಸಬ್‌ಕೋಸ್ಟಾ, ರೇಡಿಯಸ್‌ನ ಕವಲುಗಳು, ಮೀಡಿಯಾ, ಹೀಗೆ. ಟಬಾನಸ್, ಸೋಲ್ಜರ್ ಫ್ಲೈ, ರಾಬರ್ ಫ್ಲೈ ಮೂರರಲ್ಲೂ ಕವಲೊಡೆದಿರುವುದು ರೇಡಿಯಸ್‌ನ ಆರ್4+5, ಅಂದರೆ ಅದರ 4ನೇ ಮತ್ತು 5ನೇ ಕವಲು ಸೇರಿದ ನರ. ಸೊಳ್ಳೆ, ಕ್ರೇನ್ ಫ್ಲೈಗಳಲ್ಲಿ ಕವಲೊಡೆದದ್ದು ಅದರ ಮೇಲಿನದ್ದು, ಆರ್2+3. ಆರ್4+5 ಅವುಗಳಲ್ಲಿ ಒಂಟಿ ಗೆರೆ. ಡೊಲಿಕೊಪೊಡಿಡ್‌ನಿಂದ ಮುಂದಕ್ಕೆ ನಮ್ಮ ಎಲ್ಲ ನೊಣಗಳಲ್ಲೂ ಒಂಟಿ. "ಕವಲು ಇದೆ" ಅನ್ನುವುದು ಲಕ್ಷಣವೇ ಅಲ್ಲ, "ಯಾವ ನರದ ಕವಲು" ಅನ್ನುವುದು ಲಕ್ಷಣ.

ಹಾಗಾದರೆ ಆರ್4+5ರ ಕವಲು ಹಳೆಯದಾ ಹೊಸದಾ? ಇಲ್ಲಿ ಬೇರು ಕೆಲಸಕ್ಕೆ ಬಂತು, ಮತ್ತು ಜೇನುಹುಳು ಬೇಡವಾಯಿತು. ಜೇನು, ಕಣಜ, ಇರುವೆಗಳ ಕೊಂಬೆ ತುಂಬಾ ಹಿಂದೆಯೇ ಬೇರೆಯಾದದ್ದು, ನೊಣಗಳಿಗೆ ಅದಕ್ಕಿಂತ ಪತಂಗ ಹತ್ತಿರ. ಟ್ಯೂಬ್‌ಲೈಟ್‌ಗೆ ಬಂದ ಒಂದು ಪತಂಗ ಹಿಡಿದು, ಸ್ಪಿರಿಟ್ ಹಚ್ಚಿದ ಮೆತ್ತನೆ ಬ್ರಶ್‌ನಲ್ಲಿ ಮುಂದಿನ ರೆಕ್ಕೆಯ ಪುಡಿ ಉಜ್ಜಿ ತೆಗೆದಾಗ ನರಗಳು ಕಂಡವು. ಆರ್4, ಆರ್5 ಎರಡೂ ಬೇರೆ ಬೇರೆ ಇವೆ. ಅಂದರೆ ಕವಲು ಹಳೆಯದು, ಅದನ್ನು ಕಳೆದುಕೊಂಡದ್ದು ಹೊಸದು. ಟಬಾನಸ್, ಸೋಲ್ಜರ್, ರಾಬರ್ ಮೂವರನ್ನೂ ಒಂದು ಗುಂಪು ಮಾಡಲು ಆ ಕವಲು ಸಾಕ್ಷಿಯಲ್ಲ. ಅವರು ಅಜ್ಜನ ಆಸ್ತಿಯನ್ನು ಮಾರದೆ ಇಟ್ಟುಕೊಂಡಿದ್ದಾರೆ ಅಷ್ಟೇ. ಹೆನ್ನಿಗ್ ಹೇಳಿದ್ದು ನನಗೆ ನಿಜವಾಗಿ ಅರ್ಥವಾದದ್ದು ಆ ರಾತ್ರಿ, ಪತಂಗದ ರೆಕ್ಕೆ ಕೈಯಲ್ಲಿ ಹಿಡಿದು.

ಬಣ್ಣ, ಗಾತ್ರ, ಊಟ, ಕೂರುವ ಜಾಗ ಎಲ್ಲ ಕಿತ್ತು ಹಾಕಿದೆವು. ಬದಲಿಗೆ ಬಂದವು: ಕುಡಿಮೀಸೆಯ ಮೂರನೇ ಭಾಗದಲ್ಲಿ ಉಂಗುರಗಳ ಗುರುತು ಉಳಿದಿದೆಯಾ ಇಲ್ಲವಾ, ಉಗುರಿನ ಕೆಳಗೆ ಮೆತ್ತೆ ಎರಡಾ ಮೂರಾ, ಮುಂದಿನ ಅಂಚಿನ ಕೋಸ್ಟಾ ನರ ಸಬ್‌ಕೋಸ್ಟಾದ ಬಳಿ ತುಂಡಾಗಿದೆಯಾ, ಹಾಲ್ಟಿಯರನ್ನು ಮುಚ್ಚುವ ಬಿಳಿ ಹಾಳೆಯಂಥ ಕ್ಯಾಲಿಪ್ಟರ್ ದೊಡ್ಡದಿದೆಯಾ. ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ಎದೆಯ ಪಕ್ಕದಲ್ಲಿ, ನಡುಗಾಲು ಹಿಂಗಾಲುಗಳ ಬುಡದ ಮೇಲಿರುವ ತಟ್ಟೆಯ ಬಿರುಗೂದಲು ಸಾಲು. ಕ್ರೈಸೋಮಿಯಾ ಮತ್ತು ಮಾಂಸನೊಣದಲ್ಲಿ ಅಲ್ಲಿ ಬಾಚಣಿಗೆಯ ಹಾಗೆ ಒಂದು ಸಾಲು ನಿಂತಿರುತ್ತದೆ. ಒಂದು ನೀಲಿ-ಹಸಿರು ಮಿರುಗು, ಇನ್ನೊಂದು ಬೂದು ಪಟ್ಟೆ. ನೋಡಿದರೆ ಮಾಂಸನೊಣ ಮನೆನೊಣದ ಅಣ್ಣನ ಹಾಗಿದೆ. ಆದರೆ ಆ ಸಾಲು ಮನೆನೊಣದಲ್ಲಿ ಇಲ್ಲ.

ಎರಡನೇ ಮರ, ಮತ್ತು ಉಳಿದ ಒಂದು ಗಂಟು

ಆಗಸ್ಟ್‌ನಲ್ಲಿ 19 ಲಕ್ಷಣಗಳ ಟೇಬಲ್ ಓಡಿಸಿದೆವು. ಮರದ ಉದ್ದ 23 ಹೆಜ್ಜೆ. ಪ್ರತಿ ಲಕ್ಷಣ ಒಂದೇ ಸಲ ಬದಲಾಗಿದ್ದರೆ 19 ಆಗಬೇಕಿತ್ತು. ಜಾಸ್ತಿಯಾದ ನಾಲ್ಕು ಎಲ್ಲಿಂದ ಅಂತಲೂ ಗೊತ್ತು. ಗಂಡಿನ ಎರಡು ಕಣ್ಣು ನೆತ್ತಿಯಲ್ಲಿ ಕೂಡುವುದು ಟಬಾನಸ್, ಹೋವರ್ ಫ್ಲೈ, ಕ್ರೈಸೋಮಿಯಾ ಮೂರರಲ್ಲಿ ಬೇರೆ ಬೇರೆಯಾಗಿ ಬಂದಿದೆ, ಅಲ್ಲಿ ಎರಡು. ದವಡೆಯದ್ದು ಒಂದು. ಆರ್4+5 ಕವಲಿನದ್ದು ಒಂದು.

ಮರ ಹೀಗಿದೆ. ಬುಡದಲ್ಲಿ ಕ್ರೇನ್ ಫ್ಲೈ ಮತ್ತು ಸೊಳ್ಳೆ ಒಂದು ಜೋಡಿ. ಉಳಿದೆಲ್ಲದಕ್ಕೂ ಮೋಟು ಕುಡಿಮೀಸೆ. ಅದರಲ್ಲಿ ಟಬಾನಸ್-ಸೋಲ್ಜರ್ ಜೋಡಿ ಮೊದಲು ಬೇರೆಯಾಗುತ್ತದೆ, ಆಮೇಲೆ ರಾಬರ್ ಫ್ಲೈ, ಆಮೇಲೆ ಡೊಲಿಕೊಪೊಡಿಡ್, ಆಮೇಲೆ ಹೋವರ್ ಫ್ಲೈ. ಹಣೆಗೆರೆ ಇರುವ ಆರರಲ್ಲಿ ಮಾವಿನ ನೊಣ-ಹಣ್ಣುನೊಣ ಒಂದು ಕಡೆ, ದೊಡ್ಡ ಕ್ಯಾಲಿಪ್ಟರ್ ಇರುವ ನಾಲ್ಕು ಇನ್ನೊಂದು ಕಡೆ.

ಕ್ರೇನ್ ಫ್ಲೈ-ಸೊಳ್ಳೆ ಜೋಡಿಯನ್ನು ನಾನು ನಂಬುವುದಿಲ್ಲ. ಅದನ್ನು ಹಿಡಿದಿಟ್ಟಿರುವುದು ಒಂದೇ ಲಕ್ಷಣ, ಅದೂ ಕವಲು ಕಳೆದುಕೊಂಡದ್ದು. ಕಳೆದುಕೊಳ್ಳುವುದು ಎರಡು ಸಲ ಆಗುವುದು ಕಷ್ಟವಲ್ಲ. 2011ರಲ್ಲಿ ನೊಣಗಳ 157 ಕುಟುಂಬಗಳಲ್ಲಿ 149ನ್ನು ಸೇರಿಸಿ ಒಂದು ದೊಡ್ಡ ಮರ ಪ್ರಕಟವಾಗಿದೆ, ಡಿಎನ್‌ಎ ಮತ್ತು ದೇಹದ ಲಕ್ಷಣ ಎರಡನ್ನೂ ಬಳಸಿ. ಅದರಲ್ಲಿ ಉದ್ದ ಕುಡಿಮೀಸೆಯವು (ಕ್ರೇನ್ ಫ್ಲೈ, ಸೊಳ್ಳೆಯಂಥವು) ಒಂದೇ ಗುಂಪಲ್ಲ, ಮೋಟು ಕುಡಿಮೀಸೆಯವು ಅವುಗಳ ನಡುವಿನಿಂದಲೇ ಹುಟ್ಟಿವೆ. ನಮ್ಮ ಮರದ ಉಳಿದ ಕೊಂಬೆಗಳು ಒಟ್ಟಾರೆ ಅದಕ್ಕೆ ಹೊಂದುತ್ತವೆ.

ಗಂಟು ಉಳಿದದ್ದು ಕೊನೆಯ ನಾಲ್ಕರಲ್ಲಿ. ಕ್ರೈಸೋಮಿಯಾ-ಮಾಂಸನೊಣ ಬಿರುಗೂದಲು ಸಾಲಿನಿಂದ ಸೇರಿದವು. ಮನೆನೊಣ ಮತ್ತು ಸ್ಟೊಮಾಕ್ಸಿಸ್? ಮೂರು ರೀತಿ ಜೋಡಿಸಿದರೂ ಅದೇ 23 ಹೆಜ್ಜೆ.

"ಪುಸ್ತಕದಲ್ಲಿ ಎರಡೂ ಮಸ್ಸಿಡೇ ಕುಟುಂಬ ಅಂತ ಉಂಟು ಮಾವ, ಸೇರಿಸಿ ಬಿಡುವಾ" ಅಂದಳು.

ನಾನು ಬೇಡ ಅಂದೆ. ಪುಸ್ತಕ ತಪ್ಪು ಅಂತ ಅಲ್ಲ. ಟೇಬಲ್‌ನಲ್ಲಿ ಇಲ್ಲದ್ದನ್ನು ಮರದಲ್ಲಿ ಬರೆದರೆ ನಾವು ಇಷ್ಟು ದಿನ ಮಾಡಿದ್ದಕ್ಕೆ ಅರ್ಥ ಇಲ್ಲ, ಅಲ್ವಾ? ಅವೆರಡರಲ್ಲೂ ಸಮಾನವಾಗಿ ಕಂಡದ್ದು ಬಿರುಗೂದಲು ಸಾಲು ಇಲ್ಲದಿರುವುದು. ಅದು ಹಳೆಯ ಸ್ಥಿತಿ, ಲೆಕ್ಕಕ್ಕಿಲ್ಲ. ಬೆನ್ನಿನ ನಾಲ್ಕು ಪಟ್ಟೆ ಎರಡರಲ್ಲೂ ಇದೆ, ಆದರೆ ಬಣ್ಣವನ್ನು ಒಮ್ಮೆ ಹೊರಗಿಟ್ಟ ಮೇಲೆ ಬೇಕಾದಾಗ ಒಳಗೆ ಕರೆಯಬಾರದು. ರೆಕ್ಕೆಯ ಮೀಡಿಯಾ ನರ ನಾಲ್ಕರಲ್ಲೂ ಮೇಲಕ್ಕೆ ತಿರುಗಿದೆ. ಮನೆನೊಣದಲ್ಲಿ ಚೂಪಾಗಿ, ಸ್ಟೊಮಾಕ್ಸಿಸ್‌ನಲ್ಲಿ ಮೆಲ್ಲಗೆ. ಮೊದಲು "ಚೂಪು" ಅಂತ ಗುರುತಿಸಿದ್ದಾಗ ಸ್ಟೊಮಾಕ್ಸಿಸ್ ಉಳಿದ ಮೂರರಿಂದಲೂ ಹೊರಗೆ ಬಿದ್ದಿತ್ತು. ಆದರೆ ಎಷ್ಟು ಬಾಗಿದರೆ ಚೂಪು ಅಂತ ಇಬ್ಬರೂ ಒಪ್ಪುವ ಹಾಗೆ ಹೇಳೋಕೆ ಆಗಲಿಲ್ಲ. ಹಾಗಾಗಿ "ತಿರುಗಿದೆ / ನೇರವಾಗಿದೆ" ಅಂತ ಮಾತ್ರ ಉಳಿಸಿದೆವು.

ಬೆಳೆದ ನೊಣದಲ್ಲಿ ನೋಡುವುದು ಮುಗಿದಿತ್ತು. ಉಳಿದದ್ದು ಹುಳು. ಹೆನ್ನಿಗ್ ಕೂಡ ನೊಣದ ಹುಳುಗಳ ಮೇಲೆಯೇ 1948ರಿಂದ 1952ರ ನಡುವೆ ಮೂರು ಸಂಪುಟ ಬರೆದಿದ್ದರು.

ಸೆಪ್ಟೆಂಬರ್. ಹಟ್ಟಿಯ ಮೂಲೆಯಲ್ಲಿ ಗಂಜಲ ಬಿದ್ದು ಕೊಳೆತ ಬೈಹುಲ್ಲಿನಿಂದ ಸ್ಟೊಮಾಕ್ಸಿಸ್ ಹುಳುಗಳು, ಕಸದ ಮಡಕೆಯಿಂದ ಮನೆನೊಣದ್ದು, ಬಂಗುಡೆ ತಲೆಯಿಂದ ಕ್ರೈಸೋಮಿಯಾ ಮತ್ತು ಮಾಂಸನೊಣದ್ದು, ಕೊಳೆತ ಪೇರಳೆ ಹಣ್ಣಿನಿಂದ ಮಾವಿನ ನೊಣದ್ದು, ಬಾಳೆಹಣ್ಣಿನಿಂದ ಹಣ್ಣುನೊಣದ್ದು. ಪ್ರತಿಯೊಂದರಲ್ಲೂ ಅರ್ಧದಷ್ಟು ಹುಳುಗಳನ್ನು ಬೇರೆ ಬಾಟಲಿಯಲ್ಲಿ ಸಾಕಿದೆವು. ನೊಣವಾಗಿ ಹೊರಬಂದ ಮೇಲೆ ಇದು ಅದೇ ಅಂತ ಖಚಿತವಾಗಬೇಕಲ್ಲ. ಉಳಿದ ಅರ್ಧವನ್ನು ಕುದಿ ಇಳಿದ ಬಿಸಿನೀರಿಗೆ ಹಾಕಿ, ದಪ್ಪ ತುದಿಯನ್ನು ಬ್ಲೇಡ್‌ನಿಂದ ತೆಳ್ಳಗೆ ಕತ್ತರಿಸಿ ಗಾಜಿನ ಮೇಲೆ ಇಟ್ಟೆವು. ಹುಳುವಿನ ಚೂಪು ತುದಿ ಬಾಯಿ, ದಪ್ಪ ತುದಿಯಲ್ಲಿ ಉಸಿರಾಡುವ ಎರಡು ತಟ್ಟೆ. ಪ್ರತಿ ತಟ್ಟೆಯಲ್ಲಿ ಸೀಳುಗಳು.

ಮೊದಲ ದಿನ ಎಲ್ಲದರಲ್ಲೂ ಎರಡೆರಡೇ ಸೀಳು ಕಂಡು ಗೊಂದಲವಾಯಿತು. ಹುಳು ಇನ್ನೂ ಎರಡನೇ ಹಂತದ್ದು. ಇನ್ನೊಮ್ಮೆ ಪೊರೆ ಬಿಟ್ಟು ಮೂರನೇ ಹಂತಕ್ಕೆ ಬಂದಾಗ ಸೀಳು ಮೂರಾಗುತ್ತದೆ. ಎರಡು ದಿನ ಕಾದು ಮತ್ತೆ ನೋಡಿದೆವು.

ಕ್ರೈಸೋಮಿಯಾ: ಮೂರು ನೇರ ಸೀಳು, ಓರೆಯಾಗಿ. ಮಾಂಸನೊಣ: ಅದೂ ನೇರ, ತಟ್ಟೆ ಮಾತ್ರ ಆಳದ ಗುಂಡಿಯೊಳಗೆ, ಇಣುಕಿ ನೋಡಬೇಕು. ಮಾವಿನ ನೊಣ, ಹಣ್ಣುನೊಣ: ನೇರ. ಮನೆನೊಣ: ಹಾವಿನ ಹಾಗೆ ಅಂಕುಡೊಂಕು. ಆಮೇಲೆ ಸ್ಟೊಮಾಕ್ಸಿಸ್‌ನ ಗಾಜಿನ ಪಟ್ಟಿ ಇಟ್ಟು ಅವಳಿಗೆ ಫೋನ್ ಕೊಟ್ಟೆ, ನಾನು ನೋಡಲಿಲ್ಲ, ಅವಳೇ ಮೊದಲು ನೋಡಲಿ ಅಂತ.

"ಮಾವ, ಎಸ್ ಥರ ಉಂಟು. ಮೂರೂ ಡೊಂಕು."

ಇಪ್ಪತ್ತನೇ ಕಂಬ: ಸೀಳು ಡೊಂಕು 1, ನೇರ 0, ಉಳಿದವಕ್ಕೆಲ್ಲ ಪ್ರಶ್ನಾರ್ಥಕ ಚಿಹ್ನೆ. ಅದೇ ರಾತ್ರಿ ಓಡಿಸಿದೆವು. 24 ಹೆಜ್ಜೆ, ಒಂದೇ ಮರ. ಮನೆನೊಣದ ಪಕ್ಕದಲ್ಲಿ ಸ್ಟೊಮಾಕ್ಸಿಸ್.